ಹದಿನೇಳನೇ ಜಾಗ

ಒಂದು ಗಂಟೆಗೆ ಎರಡೂವರೆ ಸಾವಿರ ರೂಪಾಯಿ. ಹೇಳಿದಷ್ಟೂ ಕೊಟ್ಟೆ, ಚೌಕಾಸಿ ಮಾಡಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಸಕಲೇಶಪುರದ ಸಂತೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಎರಡು ಸಲ ಬೆನ್ನು ತಿರುಗಿಸಿ ನಡೆದು, ಮೂರನೆಯ ಸಲಕ್ಕೆ ಬೆಲೆ ಇಳಿಸಿಕೊಂಡು ಬರುವ ಹೆಂಗಸು ನಾನು. ಆದರೆ ಅವತ್ತು ಕರಾವಳಿಯಿಂದ ನನ್ನ ತಂಗಿ, ಅವಳ ಗಂಡ ಬಂದಿದ್ದರು. ಹೇಮಾವತಿ ಹಿನ್ನೀರಿನಲ್ಲಿ ಮೋಟಾರು ದೋಣಿ ಹತ್ತಿ ಗಾಳ ಹಾಕಬೇಕು ಎಂದು ಅವಳ ಗಂಡನಿಗೆ ಹಟ. ರೆಸಾರ್ಟಿನ ಕೌಂಟರಿನ ಮೇಲೆ ದರಪಟ್ಟಿ ತೂಗುಹಾಕಿದ್ದರು. ಸುಮ್ಮನೆ ಸುತ್ತುವುದಕ್ಕೆ ಒಂದು ದರ, ಗಾಳ ಹಾಕುವುದಕ್ಕೆ ಒಂದು ದರ, ‘ಹದಿನೇಳನೇ ಜಾಗ’ಕ್ಕೆ ಬೇರೆಯೇ ದರ. ಆ ಕೊನೆಯ ಸಾಲು ಓದಿದ ಮೇಲೆ ನನಗೆ ಚೌಕಾಸಿಗೆ ಬಾಯಿ ಬರಲಿಲ್ಲ. ಅದು ಯಾರ ಜಾಗ ಎಂದು ನನಗೆ ಗೊತ್ತಿತ್ತು. ಅದನ್ನು ಆ ಪಟ್ಟಿಗೆ ಏರಿಸಿದವರಲ್ಲಿ ನಾನೂ ಒಬ್ಬಳು.

ದೋಣಿ ದಡ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಡ್ರೈವರ್ ಒಂದು ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ನೆಲ್ಲಿಕಾಯಿ ಗಾತ್ರದ ರಾಗಿ ಉಂಡೆಗಳು. ಬೇಯಿಸಿದ ರಾಗಿ, ಹುರಿದ ಸೋಂಪು, ಒಂದು ಚಿಟಿಕೆ ಇಂಗು... ಆ ವಾಸನೆಯ ಗುರುತು ನನಗೆ ತಕ್ಷಣ ಸಿಕ್ಕಿತು. ಮೀನಿನ ಉಂಡೆಗೆ ಸೋಂಪು ಹುರಿದು ಹಾಕುತ್ತಿದ್ದವನು ಈ ನೀರಿನ ಮೇಲೆ ಒಬ್ಬನೇ ಒಬ್ಬ. ಉಳಿದವರೆಲ್ಲ ಹಸಿಯದನ್ನೇ ಹಾಕುತ್ತಿದ್ದರು. ಅವನ ಕೈಪಾಕವನ್ನೂ ಬಿಟ್ಟಿರಲಿಲ್ಲ ಇವರು.

ಡ್ರೈವರನ ಮುಂದೆ ಸಣ್ಣ ಟಿ.ವಿ.ಯಂಥ ಪರದೆ, ಅದರ ತುಂಬ ನಂಬರುಗಳು. ಹದಿನೇಳರ ಮೇಲೆ ದೋಣಿ ನಿಲ್ಲಿಸಿ, “ಇಲ್ಲಿ ಗ್ಯಾರಂಟಿ ಮೇಡಂ” ಎಂದು ಗಾಳ ಇಳಿಬಿಡಲು ಹೋದ.

“ಗಾಳ ಒಳಗೆ ತೆಗೆದುಕೊಳ್ಳಪ್ಪ” ಎಂದೆ.

“ಅಲ್ಲ ಅಕ್ಕ, ಅಷ್ಟು ದುಡ್ಡು ಕೊಟ್ಟು ನೀರು ನೋಡೋದಾ?” ಎಂದ ತಂಗಿಯ ಗಂಡ.

“ಹೌದು, ನೋಡಿ” ಎಂದೆ. ಆ ಗಂಟೆ ಮುಗಿಯುವವರೆಗೆ ಗಾಳ ನೀರಿಗೆ ಇಳಿಯಲಿಲ್ಲ. ತಂಗಿಯ ಗಂಡ ಊರಿಗೆ ಹೋಗುವಾಗಲೂ ಮುಖ ಊದಿಸಿಕೊಂಡೇ ಹೋದ. ಹೋಗಲಿ. ಆ ಜಾಗ ಯಾರದು ಎಂದು ಅವನಿಗೆ ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ.

ನಾವೆಲ್ಲ ಅವನನ್ನು ಕರೆಯುತ್ತಿದ್ದದ್ದು ತೆಪ್ಪದಣ್ಣ ಎಂದು. ಬಿದಿರು ಹೆಣೆದು ಟಾರು ಬಳಿದ ದುಂಡನೆಯ ತೆಪ್ಪ, ಒಂದೇ ಹುಟ್ಟು, ಎರಡು ಗಾಳದ ಕೋಲು. ಇಷ್ಟೇ ಅವನ ಸಂಸಾರದ ಬಂಡವಾಳ. ನನಗೆ ಅವನ ಪರಿಚಯವಾದದ್ದು ನನ್ನ ಕೆಟ್ಟ ಕಾಲದಲ್ಲಿ. ದೋಣಿಗಲ್ ಹತ್ತಿರದ ಒಂದು ಎಸ್ಟೇಟಿನಲ್ಲಿ ನನ್ನ ಗಂಡ ಲೆಕ್ಕ ಬರೆಯುವ ರೈಟರ್ ಆಗಿದ್ದರು. ನೆರಳುಮರಗಳ ಕೊಂಬೆ ಕಡಿಸುವ ಮರಗಸಿಯ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದರು. ನಾನು ಮಂಗಳೂರಿನಿಂದ ಘಾಟಿ ಹತ್ತಿ ಬರುವ ಲಾರಿಯಿಂದ ಬಂಗುಡೆ, ಬೂತಾಯಿ ಇಳಿಸಿಕೊಂಡು, ಬುಟ್ಟಿ ಹೊತ್ತು ಎಸ್ಟೇಟ್ ಕೂಲಿಗಳ ಲೈನ್ ಮನೆಗಳಿಗೆ ಮಾರಲು ಹೊರಟೆ. ಮಳೆಗಾಲ ಬಂತೆಂದರೆ ಕಡಲಿನ ಮೀನು ಬರುವುದಿಲ್ಲ. ಬುಟ್ಟಿ ಖಾಲಿ ಇದ್ದರೆ ಗಿರಾಕಿ ಬೇರೆ ಬುಟ್ಟಿ ನೋಡುತ್ತಾನೆ. ಹಾಗಾಗಿ ಬಸ್ಸು ಹತ್ತಿ ಆಲೂರು ಕಡೆಗೆ ಬಂದು, ಅಲ್ಲಿಂದ ನಡೆದು ಹಿನ್ನೀರಿನ ದಡ ಸೇರಿದೆ.

ಅವನು ವ್ಯಾಪಾರ ಮಾಡುತ್ತಿದ್ದ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೀನನ್ನು ಹುಲ್ಲಿನ ಮೇಲೆ ಇಟ್ಟು ಸುಮ್ಮನೆ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ. ಬೆಲೆ ಹೇಳುತ್ತಿರಲಿಲ್ಲ. ಬೆಲೆ ಹೇಳಬೇಕಾದವಳು ನಾನು. ಒಪ್ಪಿಗೆಯಾದರೆ ಮೀನನ್ನು ಎತ್ತಿ ನನ್ನ ಬುಟ್ಟಿಗೆ ಹಾಕುತ್ತಿದ್ದ. ಒಪ್ಪಿಗೆಯಿಲ್ಲದಿದ್ದರೆ ಬೆರಳು ನೀರಿಗೆ ಅದ್ದಿ ಮೀನಿನ ಮೇಲೆ ಚಿಮುಕಿಸುತ್ತಿದ್ದ. ಇದು ಇನ್ನೂ ಇಲ್ಲೇ ಇರುತ್ತದೆ, ಬಾಡದಿರಲಿ ಎಂದು ಅದರ ಅರ್ಥ. ನಾನು ಎರಡು ರೂಪಾಯಿ ಏರಿಸುತ್ತಿದ್ದೆ. ಮತ್ತೆ ನೀರು. ಇನ್ನೆರಡು ಏರಿಸುತ್ತಿದ್ದೆ. ಮಾತಾಡುವವರನ್ನು ಸೋಲಿಸುವುದು ನನಗೆ ಸುಲಭ. ಮಾತಾಡದವನ ಎದುರು ಮೊದಲ ದಿನವೇ ಸೋತೆ.

“ಒಂದು ಮಾತಾದರೂ ಆಡಣ್ಣ, ಬಾಯಿಲ್ವಾ ನಿನಗೆ?” ಎಂದು ರೇಗಿದೆ.

“ನಿಮ್ಗೈತಲ್ಲ ಬಾಯಮ್ಮ, ಇಬ್ರಿಗೂ ಸಾಕು” ಎಂದ. ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸರನ್ನು ಇಲ್ಲಿನವರು ಬಾಯಿ, ಬಾಯಮ್ಮ ಎಂದೇ ಕರೆಯುತ್ತಾರೆ.

ಅಲ್ಲಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ವ್ಯಾಪಾರ ನಡೆಯಿತು. ನನ್ನ ಬುಟ್ಟಿ ಅಂಗಡಿಯಾಯಿತು, ಅಂಗಡಿಗೆ ಐಸ್ ಪೆಟ್ಟಿಗೆ ಬಂತು, ಪಿಕಪ್ ಗಾಡಿ ಬಂತು. ಅವನ ತೆಪ್ಪ ತೆಪ್ಪವಾಗಿಯೇ ಇತ್ತು. ಅದು ನನಗೆ ಸರಿ ಕಾಣುತ್ತಿರಲಿಲ್ಲ. ‘ಇಷ್ಟು ತಿಳಿದವನು ಇಷ್ಟಕ್ಕೇ ಯಾಕೆ ನಿಂತ?’ ಎಂಬ ಪ್ರಶ್ನೆ ನನ್ನ ತಲೆಯೊಳಗೆ ಹುಳದ ಹಾಗೆ ಕೊರೆಯುತ್ತಿತ್ತು. ಈಗ ಅನ್ನಿಸುತ್ತದೆ, ಆ ಹುಳವೇ ಎಲ್ಲವನ್ನೂ ತಿಂದದ್ದು.

ಅವನಿಗೆ ತಿಳಿದದ್ದು ಏನು ಎಂದು ಮೊದಲು ಹೇಳಬೇಕು. ಡ್ಯಾಮಿಗೆ ನೀರು ನಿಂತಾಗ ಅವನಿಗೆ ಹನ್ನೊಂದೋ ಹನ್ನೆರಡೋ. ಅವನ ಊರು ಪೂರ್ತಿ ಮುಳುಗಿತು. ಬದಲಿಗೆ ಕೊಟ್ಟ ಜಮೀನು ಎಲ್ಲೋ ದೂರದಲ್ಲಿತ್ತು. ಅವನ ಅಪ್ಪ ಅಲ್ಲಿ ನಿಲ್ಲಲಾರದೆ ಮನೆಮಂದಿಯನ್ನು ಕರೆದುಕೊಂಡು ವಾಪಸು ಬಂದು ನೀರಿನ ಅಂಚಿನಲ್ಲೇ ಗುಡಿಸಲು ಹಾಕಿದ. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲಿನ ಕೇರಿಯ ಗೋಡೆಗಳು ತಲೆ ಎತ್ತುತ್ತವೆ. ಹಳೆಯ ಹೊಳೆಗೆ ಹತ್ತಿರವಿದ್ದ ಕೆಳಗಿನ ಕೇರಿ ಎಂಥಾ ಬೇಸಿಗೆಯಲ್ಲೂ ಏಳುವುದಿಲ್ಲ. ಮಣ್ಣಿನ ಗೋಡೆ ಕರಗಿ ಹೋದರೂ ಕಲ್ಲಿನ ಜಗಲಿ, ಮೆಟ್ಟಿಲು, ಬಾವಿಯ ಕಟ್ಟೆ, ಹುಣಸೆಮರದ ಬುಡ ಹಾಗೆಯೇ ಉಳಿದಿವೆಯಂತೆ. ಮೀನು ನಿಲ್ಲುವುದು ಅಲ್ಲಿ. ಆ ಊರಿನ ಒಂದೊಂದು ಕಲ್ಲೂ ನೀರಿನ ಮೇಲಿನಿಂದ ಅವನಿಗೆ ಗೊತ್ತಿತ್ತು. ಎಡಕ್ಕೆ ಬೋಳುಗುಡ್ಡದ ಒಂಟಿ ಮರವನ್ನು ಅದರ ಹಿಂದಿನ ಕರೆಂಟು ಕಂಬಕ್ಕೆ ಕೂಡಿಸಬೇಕು, ಅದು ಒಂದು ಗೆರೆ. ಬಲಕ್ಕೆ ದಡದ ಬಂಡೆಯನ್ನು ದೂರದ ಬೆಟ್ಟದ ಸಂದಿಗೆ ಕೂಡಿಸಬೇಕು, ಅದು ಇನ್ನೊಂದು ಗೆರೆ. ಎರಡು ಗೆರೆ ಸೇರಿದ ಕಡೆ ತೆಪ್ಪ ನಿಲ್ಲಿಸಿದರೆ ಕೆಳಗೆ ಕಲ್ಲುಬಾವಿ.

ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ತೆಪ್ಪ ಗಿರ್ರನೆ ತಿರುಗುವಾಗ ನಾನು ಏಸುವಿನ ಹೆಸರು ಹೇಳುತ್ತ ಅಂಚು ಹಿಡಿದು ಕೂತಿದ್ದೆ. ಅವನು ಊರು ತೋರಿಸುತ್ತಿದ್ದ.

“ಈಗ ಗೌಡ್ರ ಕಣದ ಮ್ಯಾಲೆ ಇದೀವಿ. ಇಲ್ಲಿಂದ ಬಲಕ್ಕೆ ತಿರುಗುದ್ರೆ ಬೀದಿ. ಚಪ್ಲಿ ಬುಡಿ ಬಾಯಮ್ಮ, ಗುಡಿ ಮುಂದುಕ್ ಬಂದ್ವಿ.”

ನಾನು ನಿಜವಾಗಿಯೂ ಚಪ್ಪಲಿ ಕಳಚಿದೆ. ಅವನು ಹುಟ್ಟು ಮಡಿಲಲ್ಲಿ ಇಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವನು ಹಾಗೆ ನಕ್ಕದ್ದು ನಾನು ಕಂಡಂತೆ ಅದೊಂದೇ ಸಲ...

ಅಲ್ಲಿಂದ ಮುಂದೆ ಒಂದು ಕಡೆ ಅವನು ಹುಟ್ಟು ಎತ್ತಿಬಿಟ್ಟ. ತೆಪ್ಪ ತನ್ನಷ್ಟಕ್ಕೆ ತೇಲಿಕೊಂಡು ದಾಟಲಿ ಎಂದು ಸುಮ್ಮನೆ ಕೂತ. “ಇದು ನಮ್ಮಟ್ಟಿ” ಎಂದ. ಅವನು ಹುಟ್ಟಿದ ಮನೆ. ಆ ಮುಳುಗಿದ ಊರಿನವರಲ್ಲಿ ಒಂದು ಪದ್ಧತಿ ಇತ್ತು. ಮಾರ್ಲಾಮಿ, ಅಂದರೆ ಮಹಾಲಯ ಅಮಾವಾಸ್ಯೆಯಂದು ಎಲ್ಲರೂ ಮನೆಯೊಳಗೆ ಹಿರಿಯರಿಗೆ ಎಡೆ ಇಟ್ಟರೆ, ಇವರು ತೆಪ್ಪದಲ್ಲಿ ಹೋಗಿ ತಮ್ಮ ತಮ್ಮ ಮನೆ ಇದ್ದ ಕಡೆಯೇ ನೀರಿಗೆ ಎಲೆ ಇಳಿಸುತ್ತಿದ್ದರು. ಮುದ್ದೆ, ಸಾರು, ಸತ್ತವರಿಗೆ ಏನು ಇಷ್ಟವಿತ್ತೋ ಅದು. ಮನೆ ಇಲ್ಲಿರುವಾಗ ಹಿರಿಯರು ಬೇರೆಲ್ಲಿಗೆ ಬರುತ್ತಾರೆ ಎಂಬುದು ಅವರ ಲೆಕ್ಕ. ಬರಬರುತ್ತ ಬೇರೆಯವರೆಲ್ಲ ಬಿಟ್ಟರು, ಇವನೊಬ್ಬ ಬಿಡಲಿಲ್ಲ. ಅಲ್ಲಿ ದೊಡ್ಡ ದೊಡ್ಡ ಬಿಳಿಮೀನುಗಳು ಕೂಡಿದ್ದವು. ಅವನು ಅಲ್ಲಿ ಒಂದು ದಿನವೂ ಗಾಳ ಹಾಕಿದವನಲ್ಲ, ಇನ್ನೊಬ್ಬರಿಗೆ ಆ ಗುರುತು ಹೇಳಿದವನೂ ಅಲ್ಲ.

“ಎಡೆ ಇಕ್ಕೋ ಜಾಗದಲ್ಲಿ ಗಾಳ ಹಾಕುದ್ರೆ ಹಿರೀಕ್ರ ಎಲೆಗೇ ಕೈ ಹಾಕ್ದಂಗೆ ಬಾಯಮ್ಮ.”

ನಾವು ನವೆಂಬರಿನಲ್ಲಿ ನಮ್ಮವರ ಸಮಾಧಿಗೆ ಮೇಣದಬತ್ತಿ ಹಚ್ಚುವವರು. ನನಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಒಂದು ವರ್ಷವೂ ನಾನು ಸ್ಮಶಾನದ ಗೇಟಿನ ಹೊರಗೆ ನಿಂತಿಲ್ಲ, ನಿಲ್ಲಿಸುವ ಧೈರ್ಯ ಯಾರಿಗೂ ಬಂದಿಲ್ಲ. ಅರ್ಥವಾಗದೆ ಮಾಡಿದ ತಪ್ಪು ಬೇರೆ. ನನಗೆ ಎಲ್ಲ ಅರ್ಥವಾಗಿತ್ತು.

ಆರು ವರ್ಷದ ಹಿಂದೆ ದಡದಲ್ಲಿ ರೆಸಾರ್ಟು ಎದ್ದಿತು. ಅದರ ಸಾಹೇಬರು ಪರದೇಶದಲ್ಲಿ ಬಹಳ ವರ್ಷ ಇದ್ದು ಬಂದವರು. ಅಲ್ಲಿನ ಸರೋವರಗಳು ಸಮುದ್ರದ ಹಾಗಂತೆ, ಆಚೆ ದಡ ಕಾಣುವುದಿಲ್ಲವಂತೆ. ದೋಣಿಯ ಎರಡೂ ಪಕ್ಕಕ್ಕೆ ಕೋಲು ಸಿಕ್ಕಿಸಿ, ಸೀಸದ ಗುಂಡು ಕಟ್ಟಿದ ದಾರವನ್ನು ಆಳಕ್ಕೆ ಬಿಟ್ಟು, ಹೊಳೆಯುವ ತಗಡಿನ ಮೀನನ್ನು ಎಳೆದುಕೊಂಡು ನಿಧಾನವಾಗಿ ಹೋಗುತ್ತಾರಂತೆ. ಇಂತಿಷ್ಟು ತಂಪಿನ ನೀರಿನಲ್ಲಿ ಸಾಲ್ಮನ್, ಇಂತಿಷ್ಟರಲ್ಲಿ ಟ್ರೌಟ್ ಎಂದು ಯಂತ್ರವೇ ಹೇಳುತ್ತದಂತೆ. ಅದೇ ಸಾಮಾನನ್ನೆಲ್ಲ ಇಲ್ಲಿಗೆ ಹೊತ್ತು ತಂದಿದ್ದರು. ಇಲ್ಲಿ ನೀರಿನಡಿ ಊರು ಇದೆ ಎಂದು ಅವರ ಯಂತ್ರಕ್ಕೆ ಗೊತ್ತಿರಲಿಲ್ಲ. ಇಳಿಬಿಟ್ಟ ದಾರವೆಲ್ಲ ಹುಣಸೆ ಬುಡಕ್ಕೆ, ಜಗಲಿ ಕಲ್ಲಿಗೆ ಸಿಕ್ಕಿ ತುಂಡಾಯಿತು. ಒಂದೇ ವಾರದಲ್ಲಿ ಅವರ ಪೆಟ್ಟಿಗೆಯ ತಗಡಿನ ಮೀನುಗಳು ಅರ್ಧಕ್ಕೆ ಬಂದವು. ಆಗ ಅವರಿಗೆ ತೆಪ್ಪದಣ್ಣ ಬೇಕಾದ. ಅವನು ಹೋಗಲಿಲ್ಲ. ಆಗ ನಾನು ಬೇಕಾದೆ.

ಅವನ ಪರವಾಗಿ ಮಾತಾಡಲು ನಾನೇ ಹೋದೆ. ರೆಸಾರ್ಟಿನ ಜಗಲಿಯಲ್ಲಿ ಕೂತು ಎರಡು ಗಂಟೆ ಹಿಂಡಿದೆ. ಒಂದು ಸೀಸನ್ನಿಗೆ ತಿಂಗಳ ಸಂಬಳ, ಮಧ್ಯಾಹ್ನದ ಊಟ, ಗಾಳಿ ಬೀಸಿ ದೋಣಿ ಇಳಿಯದ ದಿನಕ್ಕೂ ಪೂರ್ತಿ ಕೂಲಿ, ಹಬ್ಬಕ್ಕೆ ಬಟ್ಟೆ, ತೇಲುವ ಜಾಕೀಟು. ಜೊತೆಗೆ, ಮುಚ್ಚಿಡುವುದಿಲ್ಲ, ಅವರ ಅಡುಗೆಮನೆಗೆ ಕಡಲಿನ ಮೀನು ನನ್ನ ಅಂಗಡಿಯಿಂದಲೇ ಬರಬೇಕು ಎಂಬುದನ್ನೂ ಸೇರಿಸಿದೆ. ಸಾಹೇಬರು ಎಲ್ಲದಕ್ಕೂ ತಲೆಯಾಡಿಸಿದರು. ಕೊನೆಗೆ ಒಂದೇ ಮಾತು ಹೇಳಿದರು.

“ನನ್ನ ಮೆಷಿನ್ ದೋಣಿಯಲ್ಲಿ ಆನ್ ಆಗಿರುತ್ತೆ. ಅದಕ್ಕೆ ಅವರು ಬೇಡ ಅನ್ನಬಾರದು, ಅಷ್ಟೇ.”

“ಇರಲಿ ಬಿಡಿ ಸರ್, ಅದರ ಪಾಡಿಗೆ ಅದು” ಎಂದೆ.

ಕೇಳಿದ್ದಕ್ಕೆಲ್ಲ ಒಪ್ಪುವ ಕೊಳ್ಳುವವನನ್ನು ಕಂಡರೆ ಬುಟ್ಟಿ ಎತ್ತಿಕೊಂಡು ಓಡಬೇಕು. ನೀವು ಬೆಲೆ ಕಟ್ಟದೆ ಬಿಟ್ಟ ಯಾವುದೋ ಸಾಮಾನಿನ ಮೇಲೆ ಅವನ ಕಣ್ಣಿರುತ್ತದೆ. ಅಷ್ಟು ವರ್ಷ ವ್ಯಾಪಾರ ಮಾಡಿದ ನನಗೆ ಈ ಮೊದಲನೇ ಪಾಠ ಆ ದಿನ ಮರೆತುಹೋಯಿತು. ಅವನ ಕೂಲಿಗೆ ಪೈಸೆ ಪೈಸೆ ಹಿಂಡಿದೆ, ಅವನ ತಲೆಯಲ್ಲಿದ್ದ ಊರನ್ನು ಕೊಸರಿಗೆ ಹಾಕಿ ಕೊಟ್ಟೆ.

ದೀಪಾವಳಿ ಕಳೆದು ಅವನು ಮೋಟಾರು ದೋಣಿ ಹತ್ತಿದ. ಹೋದಲ್ಲೆಲ್ಲ ಮೀನು ಬಿತ್ತು. ಸಾಹೇಬರು ಹಿಗ್ಗಿದರು, ನನ್ನ ಅಂಜಲ್, ಪಾಂಫ್ರೆಟ್ ಎಲ್ಲ ರೆಸಾರ್ಟಿಗೆ ಹೋಯಿತು. ಒಂದು ದಿನ ತೆಪ್ಪದಣ್ಣ ಅಂಗಡಿಗೆ ಬಂದು ಐಸ್ ಪೆಟ್ಟಿಗೆಯ ಪಕ್ಕ ನಿಂತ.

“ಬಾಯಮ್ಮ, ಮೀನು ಕಚ್ಚಿದ್ ಕಡೆಯೆಲ್ಲ ಅವ್ರು ಒಂದು ಗುಂಡಿ ಒತ್ತುತಾರೆ. ಒತ್ತುದ್ರೆ ಟಿ.ವಿ. ಮ್ಯಾಲೆ ಒಂದು ನಂಬರ್ ಬೀಳ್ತದೆ.”

“ಆಟದ ಸಾಮಾನು ಕಣಣ್ಣ. ದೊಡ್ಡವರ ಆಟ” ಎಂದು ಗಿರಾಕಿಗೆ ಮೀನು ತೂಗಿದೆ. ಅವನು ಹೊರಟುಹೋದ. ಅವನು ಮೀನು ಇಲ್ಲದೆ ನನ್ನ ಅಂಗಡಿಗೆ ಬಂದದ್ದು ಅದೇ ಮೊದಲು. ಬರೀ ಅದನ್ನು ಹೇಳಲೆಂದೇ ಆಲೂರಿನಿಂದ ಬಸ್ಸಿನಲ್ಲಿ ಬಂದಿದ್ದ. ಅದೂ ನನಗೆ ಹೊಳೆಯಲಿಲ್ಲ.

ಬೇಸಿಗೆಗೆ ಸಾಹೇಬರ ಹಳೆಯ ಗೆಳೆಯರು, ಸಾಲ್ಮನ್ ಹಿಡಿಯುವ ಕಾಲದವರು, ಬರುವುದಾಯಿತು. ಜೊತೆಗೆ ಕ್ಯಾಮೆರಾದವರು. ಒಂದು ದೊಡ್ಡ ಬಿಳಿಮೀನು ಬೇಕೇ ಬೇಕು, ಫೋಟೋ ತೆಗೆದು ಅಲ್ಲೇ ಬಿಟ್ಟುಬಿಡುತ್ತೇವೆ ಎಂದರು. ಅಂಥದ್ದು ಎಲ್ಲಿದೆ ಎಂದು ಈ ಮನುಷ್ಯನಿಗೆ ಗೊತ್ತು, ಹೇಳುತ್ತಿಲ್ಲ, ನೀವು ಹೇಳಿಸಿ, ಇಲ್ಲದಿದ್ದರೆ ಮುಂದಿನ ಸೀಸನ್ ಯೋಚನೆ ಮಾಡಬೇಕಾಗುತ್ತದೆ ಎಂದು ಸಾಹೇಬರು ನಗುನಗುತ್ತಲೇ ಅಂದರು. ನಾನು “ಆಯಿತು ಸರ್” ಎಂದು ಮಾತು ಕೊಟ್ಟು, ನೇರ ಅವನ ಮನೆಗೆ ಹೋದೆ.

ಅವನು ಊಟಕ್ಕೆ ಕೂತಿದ್ದ. ಹೆಂಡತಿ ನನಗೂ ತಟ್ಟೆ ತಂದಳು. ನಾನು ವಿಷಯ ಹೇಳಿದೆ.

“ಅಲ್ಲಿ ಬ್ಯಾಡ ಬಾಯಮ್ಮ.”

“ಹಿಡಿದು ಬಿಟ್ಟುಬಿಡ್ತಾರಣ್ಣ. ಮೀನಿಗೇನೂ ಆಗಲ್ಲ.”

“ಮೀನಿಗಾಗಲ್ಲ” ಎಂದ.

ಅವನ ಹೆಂಡತಿ ಸಾರಿನ ಪಾತ್ರೆ ಕೆಳಗಿಟ್ಟಳು. “ಬ್ಯಾಡ ಅಂದ್ಮೇಲೆ ಬ್ಯಾಡ ಕಣ್ರೀ. ನಮ್ಮತ್ತೆ ಮಾವ ಅವ್ರೆ ಅಲ್ಲಿ.”

“ಒಂದು ಸಲ ತಾಯಿ. ನಾನು ಮಾತು ಕೊಟ್ಟಾಗಿದೆ. ಇದು ತಪ್ಪಿದರೆ ಸಂಬಳವೂ ತಪ್ಪುತ್ತೆ, ಆಮೇಲೆ ನನ್ನ ಕೇಳಬೇಡಿ” ಎಂದೆ.

ಅವನು ಪಕ್ಕದ ಚೆಂಬಿನೊಳಗೆ ಬೆರಳು ಅದ್ದಿ, ಎದುರಿಗಿದ್ದ ಮುದ್ದೆಯ ಮೇಲೆ ಎರಡು ಹನಿ ಚಿಮುಕಿಸಿದ. ನಾನು ನೋಡಿದೆ. ಇಪ್ಪತ್ತು ವರ್ಷ ಆ ಭಾಷೆಯಲ್ಲೇ ಅವನ ಜೊತೆ ವ್ಯಾಪಾರ ಮಾಡಿದವಳು ನಾನು. ನೋಡಿಯೂ ನೋಡದ ಹಾಗೆ, “ಸರಿ ಹಾಗಾದರೆ, ಗುರುವಾರ” ಎಂದು ಎದ್ದು ಬಂದೆ.

ಗುರುವಾರ ದಡದಲ್ಲಿ ಕಾದಿದ್ದೆ. ದೋಣಿ ಬಂತು. ಪರದೇಶದವರು ಕುಣಿಯುತ್ತಿದ್ದರು, ಸಾಹೇಬರು ಕ್ಯಾಮೆರಾದ ಪರದೆಯಲ್ಲಿ ಮೀನನ್ನು ನನಗೂ ತೋರಿಸಿದರು. ಇಬ್ಬರು ಸೇರಿ ಎತ್ತಿ ಹಿಡಿದಿದ್ದರು, ಒಂದೊಂದು ಹುರುಪೆಯೂ ಅಂಗೈ ಅಗಲ. ಫೋಟೋ ಆದ ಮೇಲೆ ನೀರಿಗೆ ಬಿಟ್ಟರು. ಮೀನಿಗೆ ನಿಜವಾಗಿಯೂ ಏನೂ ಆಗಲಿಲ್ಲ. ಆ ಒಂದು ಮಾತನ್ನು ನಾನು ಉಳಿಸಿಕೊಂಡೆ. ತೆಪ್ಪದಣ್ಣ ಹಿಂದುಗಡೆ, ಟವೆಲನ್ನು ತಲೆಯ ಮೇಲೆ ಹೊದ್ದು ಕೂತಿದ್ದ. ಇಳಿದವನು ನನ್ನ ಮುಖ ನೋಡದೆ ಮನೆ ಕಡೆ ನಡೆದ. ಅವನ ಅಟ್ಟಿ ಅವತ್ತು ಹದಿನೇಳನೇ ನಂಬರಾಯಿತು.

ಮಳೆಗಾಲ ಮುಗಿದ ಮೇಲೆ ಅವನಿಗೆ ಹೇಳಿಕಳಿಸಲಿಲ್ಲ. ಎಲ್ಲಿಂದಲೋ ಒಬ್ಬ ಡ್ರೈವರ್ ಬಂದ. ಸಾಹೇಬರನ್ನು ಕೇಳಿದೆ.

“ಪಾಯಿಂಟ್ಸ್ ಎಲ್ಲ ಸೇವ್ ಆಗಿದೆಯಲ್ಲ. ಪಾಪ, ವಯಸ್ಸಾದವರಿಗೆ ಯಾಕೆ ತೊಂದರೆ ಕೊಡೋದು” ಎಂದರು.

ಮೋಸ ಎನ್ನಲು ನನ್ನ ಹತ್ತಿರ ಏನೂ ಇರಲಿಲ್ಲ. ಮಾತಾಗಿದ್ದು ಒಂದು ಸೀಸನ್ನಿಗೆ, ಆಡಿದ್ದು ನಾನೇ. ಆ ಮನುಷ್ಯ ಒಂದೇ ಒಂದು ಸುಳ್ಳು ಹೇಳಲಿಲ್ಲ, ಒಂದು ರೂಪಾಯಿ ಕಡಿಮೆ ಕೊಡಲಿಲ್ಲ. ಇವತ್ತಿಗೂ ನನಗೆ ಹೆಚ್ಚು ಸಿಟ್ಟು ಬರುವುದು ಇದಕ್ಕೇ. ಕಳ್ಳನಾಗಿದ್ದರೆ ಕಾಲರ್ ಹಿಡಿಯಬಹುದಿತ್ತು.

ಆ ವರ್ಷದ ಮಾರ್ಲಾಮಿಯ ಬೆಳಿಗ್ಗೆ ನಾನು ಮೀನಿನ ಪೆಟ್ಟಿಗೆಗಳನ್ನು ಇಳಿಸಲು ರೆಸಾರ್ಟಿನ ಕಟ್ಟೆಯ ಹತ್ತಿರ ಬಂದಿದ್ದೆ. ನೀರು ತುಂಬಿ ನಿಂತಿತ್ತು. ತೆಪ್ಪದಣ್ಣನ ತೆಪ್ಪ ಬರುವುದು ಕಾಣಿಸಿತು, ಅವನೂ ಹೆಂಡತಿಯೂ, ನಡುವೆ ಬಾಳೆಎಲೆ ಮುಚ್ಚಿದ ಮೊರ. ಅವರ ಅಟ್ಟಿಯ ಮೇಲೆ ಮೋಟಾರು ದೋಣಿ ಗಾಳ ಬಿಟ್ಟುಕೊಂಡು ಸುತ್ತುತ್ತಿತ್ತು. ನೀರಿನ ಮೇಲೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ.

“ಓಯ್, ಲೈನ್ ಬಿಟ್ಟಿದೀವಿ, ಸಿಕ್ಕಾಕ್ಕೊಳ್ತದೆ. ಆ ಕಡೆ ಹೋಗಯ್ಯ” ಎಂದ ಡ್ರೈವರ್.

“ಎಡೆ ಇಕ್ಬುಟ್ಟು ಹೋಯ್ತೀವಿ ಕಣಪ್ಪ. ಒಂದ್ ಗಳಿಗೆ.”

“ಗೆಸ್ಟ್ ಅವ್ರೆ ಮ್ಯಾಲೆ. ನಂಗೆ ಬಯ್ತಾರೆ, ಹೋಗು ಮಾರಾಯ.”

ತೆಪ್ಪ ಸ್ವಲ್ಪ ಹಿಂದೆ ಸರಿದು ನಿಂತಿತು. ಒಂದು ದೋಣಿಯ ಗಂಟೆ ಮುಗಿದರೆ ಇನ್ನೊಂದು ಗುಂಪು ಹತ್ತುತ್ತಿತ್ತು. ನಾನು ಓಡಿಹೋಗಿ ಸಾಹೇಬರ ಹತ್ತಿರ ಕೂಗಾಡಿದೆ. ಅವರು ಸಮಾಧಾನದಿಂದಲೇ, “ಕೆರೆ ಏನು ಅವರ ಹೆಸರಲ್ಲಿದೆಯಾ ಬಾಯಿ? ಆದರೂ ಇರಲಿ, ನಾಲ್ಕು ಗಂಟೆಯ ಮೇಲೆ ಅವರಿಗೊಂದು ಸ್ಲಾಟ್ ಕೊಡೋಣ” ಎಂದರು. ಸತ್ತವರಿಗೆ ಸ್ಲಾಟು. ಅವರ ಕಡೆ ಎಡೆ ಇಡುವುದು ಮಧ್ಯಾಹ್ನದೊಳಗೆ ಎಂದೆ. ಅದಕ್ಕವರು ಕೈ ಚೆಲ್ಲಿದರು. ಆಮೇಲೆ ನಾನು ಮಾಡಿದ್ದೇನು ಗೊತ್ತೇ? ಪೆಟ್ಟಿಗೆಗಳನ್ನು ಇಳಿಸಿದೆ, ಅಂಜಲ್ ತೂಗಿದೆ, ಚೀಟಿಗೆ ಸಹಿ ಹಾಕಿಸಿಕೊಂಡೆ. ಐಸ್ ಕರಗುತ್ತಿತ್ತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ರೆಸಾರ್ಟಿಗೆ ಮೀನು ಕೊಡುವುದನ್ನು ನಿಲ್ಲಿಸಿದ್ದು ಆಮೇಲೆ ಮೂರು ತಿಂಗಳಿಗೆ, ಬೇರೆ ಗಿರಾಕಿ ಗೊತ್ತಾದ ಮೇಲೆ.

ನಡುಹಗಲು ದಾಟಿತು. ತೆಪ್ಪ ದಡಕ್ಕೆ ಬಂತು. ಅವನು ಎಲೆಯನ್ನು ಒಂದು ಬಂಡೆಯ ಮೇಲೆ ಇಟ್ಟ, ಕಾಗೆಗಳು ಇಳಿದವು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾನು ಹತ್ತಿರ ಹೋದೆ. ಅವನೇ ಹೇಳಿದ.

“ಇರ್ಲಿ ಬುಡಿ ಬಾಯಮ್ಮ. ಇಷ್ಟ್ ವರ್ಸ ನೀರೊಳ್ಗವ್ರೆ. ಈಜು ಬರ್ತದೆ ಅವ್ರಿಗೆ.”

ಬಯ್ದಿದ್ದರೆ ಇಷ್ಟು ಹೊತ್ತಿಗೆ ಮರೆಯುತ್ತಿದ್ದೆನೋ ಏನೋ...

ಅಲ್ಲಿಂದ ಅವನು ನೀರಿಗೆ ಇಳಿಯಲಿಲ್ಲ. ತೆಪ್ಪವನ್ನು ಮನೆಯ ಹಿಂದೆ ಕವುಚಿ ಹಾಕಿ, ಆಲೂರಿನ ಒಂದು ಅಕ್ಕಿ ಗಿರಣಿಯಲ್ಲಿ ಕಾವಲಿಗೆ ಸೇರಿದ. ಒಮ್ಮೆ ಹೋಗಿದ್ದೆ. ಸ್ಟೂಲಿನ ಮೇಲೆ ಕೂತಿದ್ದ, ಎದ್ದು ನನಗೆ ಸ್ಟೂಲು ಕೊಟ್ಟ. ಇಬ್ಬರೂ ಲಾರಿಗೆ ಮೂಟೆ ಏರಿಸುವುದನ್ನು ನೋಡಿದೆವು. ಹೋದವರ್ಷದ ಹಿಂದಿನ ವರ್ಷ, ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ, ಎದೆನೋವು ಎಂದವನು ಆಸ್ಪತ್ರೆ ಮುಟ್ಟಲಿಲ್ಲ. ಮಣ್ಣಿಗೆ ಹೋಗಿದ್ದೆ. ಅವನ ಹೆಂಡತಿಯ ಕೈ ಹಿಡಿದು, ಅಣ್ಣನಿಗೆ ನನ್ನ ಮೇಲೆ ಸಿಟ್ಟಿತ್ತೇನೋ ಎಂದು ಅತ್ತೆ. ಅವಳು ಅಳುತ್ತಿರಲಿಲ್ಲ.

“ಅವ್ರಿಗೆ ಇರ್ಲಿಲ್ಲ ಬಾಯಮ್ಮ” ಎಂದಳು. “ನಂಗೈತೆ.”

ಇರಲಿ ಎಂದೇ ನನಗೂ ಅನ್ನಿಸಿತು. ಯಾರಿಗಾದರೂ ಇರಬೇಕು.

ಮೊನ್ನೆ ತಂಗಿಯ ಗಂಡನನ್ನು ಬಸ್ಸು ಹತ್ತಿಸಿದ ಮಾರನೇ ದಿನ ತೆಪ್ಪದಣ್ಣನ ಹೆಂಡತಿಯ ಮನೆಗೆ ಹೋದೆ. ಹಿತ್ತಿಲಲ್ಲಿ ತೆಪ್ಪ ಕವುಚಿಯೇ ಇತ್ತು, ಆದರೆ ಹೊಸದಾಗಿ ಟಾರು ಬಳಿದಿದ್ದರು, ಇನ್ನೂ ಅಂಟುತ್ತಿತ್ತು. ಅವಳಿಗೂ ಹುಟ್ಟು ಹಾಕಲು ಬರುತ್ತದೆ, ಗೆರೆ ಕೂಡಿಸಲೂ ಬರುತ್ತದೆ. ಅವನ ಜೊತೆ ಅಷ್ಟು ವರ್ಷ ಹೋದವಳು. ಈಗ ಎಡೆ ಇಡಬೇಕಾದ ಹಿರಿಯರಲ್ಲಿ ಅವನೂ ಸೇರಿದ್ದಾನೆ. ಎರಡು ಮಾರ್ಲಾಮಿ ದಡದ ಬಂಡೆಯ ಮೇಲೆ ಇಟ್ಟು ಬಂದಳಂತೆ. ಈ ಸಲ ಅಲ್ಲಿಗೇ ಹೋಗಬೇಕು ಎಂದು ಮನಸ್ಸು ಮಾಡಿದ್ದಾಳೆ. ನಾನು ನನ್ನ ಬುದ್ಧಿಗೆ ತಕ್ಕ ಹಾಗೆ, “ಅವತ್ತು ಬೆಳಿಗ್ಗೆ ಪೂರ್ತಿ ಆ ದೋಣಿಗಳನ್ನ ನಾನೇ ಬುಕ್ ಮಾಡ್ತೀನಿ ತಾಯಿ, ನೀನು ನಿಶ್ಚಿಂತೆಯಾಗಿ ಹೋಗಿ ಬಾ” ಎಂದೆ.

“ನಮ್ಮಟ್ಟಿಗೆ ನಾವ್ ಹೋಗಕ್ಕೆ ನೀವ್ ಬಾಡ್ಗೆ ಕಟ್ಟಬೇಕಾ?” ಎಂದು ಕೇಳಿದಳು.

ಬೇಡ ಎಂದರೆ ಬೇಡ. ಈ ಸಲ ಅದನ್ನು ಎರಡನೇ ಸಲ ಕೇಳಲಿಲ್ಲ. ಕಾಫಿ ಕೊಟ್ಟಳು, ಕುಡಿದು ಬಂದೆ.

ಹಾಗಾಗಿ ಇದನ್ನು ಓದುವ ನಿಮಗೆ ಎರಡು ಮಾತು. ಒಂದು, ನಿಮ್ಮ ಕಡೆಯ ಬಲ್ಲವರೊಬ್ಬರ ಕೆಲಸವನ್ನು ಕೊಳ್ಳಲು ಯಾರಾದರೂ ಬಂದರೆ, ಕೂಲಿಯ ಮಾತು ಕೊನೆಗಿಡಿ. ಕೆಲಸ ಮುಗಿದ ಮೇಲೆ ಅವರ ಕೈಯಲ್ಲಿ ಏನು ಉಳಿಯುತ್ತದೆ, ನಿಮ್ಮವರ ಕೈಯಲ್ಲಿ ಏನು ಉಳಿಯುತ್ತದೆ ಎಂದು ಮೊದಲು ಕೇಳಿ. ಮತ್ತು ಬೇರೆಯವರ ಪರವಾಗಿ ಮಾತು ಕೊಡಬೇಡಿ, ಅದರಲ್ಲಿ ನಿಮ್ಮದೂ ಒಂದು ಪಾಲಿದ್ದರೆ ಬಾಯೇ ತೆರೆಯಬೇಡಿ.

ಎರಡನೆಯದು ಸಣ್ಣ ಕೆಲಸ, ದುಡ್ಡು ಖರ್ಚಿಲ್ಲ. ಆಲೂರು ಕಡೆ ಬಂದರೆ ಸುತ್ತಾಡಿ, ಮೀನು ತಿನ್ನಿ, ವರ್ಷವೆಲ್ಲ ಬೇಕಾದರೆ ದೋಣಿ ಹತ್ತಿ. ಮಾರ್ಲಾಮಿಯ ದಿನ ಮಾತ್ರ ಮಧ್ಯಾಹ್ನದವರೆಗೆ ಹತ್ತಬೇಡಿ. ಅರ್ಧ ದರಕ್ಕೆ ಕೊಡುತ್ತೇವೆ ಎಂದರೂ ಹತ್ತಬೇಡಿ. ಕೊಳ್ಳುವವರಿಲ್ಲದ ದಿನ ಯಾವ ಮಾಲೂ ಅಂಗಡಿ ಬಿಟ್ಟು ಹೊರಡುವುದಿಲ್ಲ, ಇದು ನನ್ನ ಮೂವತ್ತು ವರ್ಷದ ವ್ಯಾಪಾರ ಹೇಳಿದ ಮಾತು. ದೋಣಿಗಳು ದಡದಲ್ಲೇ ನಿಲ್ಲುತ್ತವೆ. ಒಬ್ಬ ಹೆಂಗಸು ತೆಪ್ಪದಲ್ಲಿ ಹೋಗಿ, ಎರಡು ಗೆರೆ ಕೂಡಿಸಿ, ಎಲೆ ಇಳಿಸಿ ಬರಲು ಅಷ್ಟು ಹೊತ್ತು ಸಾಕು.